ಸವಾರಿಯ ಹೆಣ್ಣು ಕುದುರೆಗೆ ಗಂಡು ಹುಡುಕುವಾಗ ಏನು ನೋಡಬೇಕು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಕಲಬುರಗಿ ಹತ್ತಿರದ ಹಳ್ಳಿಯಲ್ಲಿ ನಿಮ್ಮ ಬಳಿ 9 ವರ್ಷದ ಹೆಣ್ಣು ಕುದುರೆ ಇದೆ. ಗುಜರಾತಿನ ಕಾಠಿಯಾವಾಡಿ ತಳಿಯ ಮಿಶ್ರ, 57 ಇಂಚು ಎತ್ತರ, ಇನ್ನೂ ಒಂದೂ ಮರಿ ಹಾಕಿಲ್ಲ. ಬೆಳಿಗ್ಗೆ ಹೊಲದ ದಾರಿಯಲ್ಲಿ ಖುಷಿಗೆ ಸವಾರಿ ಮಾಡುತ್ತೀರಿ. ಅವಳಂಥದ್ದೇ ಒಂದು ಮರಿ ಬೇಕು ಅನ್ನೋದು ಆಸೆ. ಒಬ್ಬರು 64 ಇಂಚಿನ ನುಕ್ರಾ (ಗುಲಾಬಿ ಚರ್ಮದ ಬಿಳಿ ಕುದುರೆ) ಗಂಡು ತೋರಿಸಿದ್ದಾರೆ. ಇನ್ನೊಬ್ಬರ ಹತ್ತಿರ ರೇಸ್ ಬಿಟ್ಟು ಬಂದ ಥರೋಬ್ರೆಡ್ ಇದೆ. ಎರಡರಲ್ಲಿ ಯಾವುದು ಅಂತ ಕೇಳಿದ್ದೀರಿ.

ನನ್ನನ್ನು ಕೇಳಿದರೆ ಎರಡೂ ಬೇಡ. ಯಾಕೆ ಅಂತ ಹೇಳುತ್ತೇನೆ. ನಾನು ಭಾಲ್ಕಿ ಕಡೆಯವನು. ಅಪ್ಪನ ಕಾಲದಿಂದ ಮನೆಯಲ್ಲಿ ಕುದುರೆ ಇವೆ. ನನ್ನ ಕೈಯಲ್ಲಿ ಮೂರು ಮರಿ ಹುಟ್ಟಿವೆ. ಮೊದಲನೇದಕ್ಕೆ ಗಂಡು ಆರಿಸಿದ್ದು ತಪ್ಪಾಯಿತು, ಅಲ್ಲಿಂದ ಕಲಿತದ್ದೇ ಜಾಸ್ತಿ.

ಆಗ ನಾನು ಬಣ್ಣ ನೋಡಿದೆ. ಒಂದು ಜಾತ್ರೆಯಲ್ಲಿ ಹಾಲಿನಂಥ ಬಿಳಿ ಕುದುರೆ. ಡೊಳ್ಳು ಬಡಿದ ಕೂಡಲೇ ಎರಡು ಕಾಲ ಮೇಲೆ ಎದ್ದು ನಿಲ್ಲುತ್ತಿತ್ತು. ಎರಡೂ ಕಡೆ ಸರಪಳಿ ಹಿಡಿದ ಇಬ್ಬರು ಆಳುಗಳು. ಸುತ್ತ ಜನವೋ ಜನ. ಆ ಸರಪಳಿ ಯಾಕೆ ಬೇಕಾಗಿತ್ತು ಅಂತ ನಾನು ಕೇಳಲೇ ಇಲ್ಲ. ಮರಿ ಹುಟ್ಟಿತು, ಅಪ್ಪನಂತೆಯೇ ಬಿಳಿ, ಚರ್ಮ ಗುಲಾಬಿ. ಮಾರ್ಚ್ ಬಂದರೆ ಸಾಕು, ಮೂಗಿನ ಮೇಲಿನ ಚರ್ಮ ಸುಟ್ಟು ಸಿಪ್ಪೆ ಏಳುತ್ತಿತ್ತು. ನಮ್ಮ ಬಿಸಿಲು ನಿಮಗೆ ಹೇಳಬೇಕಿಲ್ಲ, ಅಲ್ವಾ? ಬೆಳಿಗ್ಗೆ ಎಂಟರ ಒಳಗೆ ಅದನ್ನು ಒಳಗೆ ಕಟ್ಟಬೇಕಿತ್ತು. ಅದಕ್ಕಿಂತ ಕಷ್ಟ ಅದರ ಸ್ವಭಾವ. ಬೆನ್ನ ಮೇಲೆ ಜೀನು ಇಟ್ಟರೆ ಮೈಯೆಲ್ಲ ನಡುಕ. ಎದುರಿಗೆ ಟ್ರ್ಯಾಕ್ಟರ್ ಬಂದರೆ ತಿರುಗಿ ಓಟ. ಅಮ್ಮ ಎಷ್ಟು ಸಾಧುವೋ ಮರಿ ಅಷ್ಟೇ ಗಾಬರಿ. ಅದನ್ನು ಬೇರೆಯವರಿಗೆ ಕೊಡುವಾಗ ನನ್ನ ಮಗಳು ಎರಡು ದಿನ ಊಟ ಬಿಟ್ಟಳು.

ಹಾಗಾಗಿ ಮೊದಲು ಗಂಡು ನೋಡೋಕೆ ಹೋಗಬೇಡಿ. ನಿಮ್ಮ ಹೆಣ್ಣನ್ನೇ ನೋಡಿ. ಸಮ ನೆಲದ ಮೇಲೆ ನಿಲ್ಲಿಸಿ, ಮುಂದೆ, ಪಕ್ಕ, ಹಿಂದೆ ಮೂರೂ ಕಡೆಯಿಂದ ನೋಡಿ. ಯಾರಾದರೂ ಹಿಡಿದು ನಡೆಸಲಿ, ನೀವು ಹಿಂದೆ ನಿಂತು ಕಾಲು ನೇರ ಬೀಳುತ್ತಾ ನೋಡಿ. ಹಿಂಗಾಲು ಒಳಗೆ ಬಾಗಿ ಒಂದಕ್ಕೊಂದು ಹತ್ತಿರ ಬರುತ್ತಾ? ಬೆನ್ನು ಉದ್ದ ಆಯಿತಾ? ಗೊರಸು ಬೇಗ ಸೀಳುತ್ತಾ? ಇಂಥ ಒಂದೆರಡು ಕೊರತೆ ಯಾವ ಕುದುರೆಗೂ ಇರುತ್ತೆ. ಅವನ್ನು ಬರೆದಿಡಿ. ಪಕ್ಕದಲ್ಲಿ ನಿಮಗೆ ಅವಳಲ್ಲಿ ಯಾವುದು ಇಷ್ಟ ಅಂತಾನೂ ಬರೆಯಿರಿ. ಬೀಜದ ಕುದುರೆ ಅವಳ ಕೊರತೆ ಇರೋ ಜಾಗದಲ್ಲಿ ಗಟ್ಟಿ ಇರಬೇಕು, ಅವಳ ಒಳ್ಳೇ ಗುಣ ಅವನಲ್ಲೂ ಇರಬೇಕು. ಉದ್ದ ಬೆನ್ನಿನವಳಿಗೆ ತೀರಾ ಗಿಡ್ಡ ಬೆನ್ನಿನವನನ್ನು ತಂದರೆ ಮರಿ ನಡುವೆ ನಿಲ್ಲುತ್ತೆ ಅಂತ ಕೆಲವರು ಹೇಳುತ್ತಾರೆ. ಅದು ಹಾಲಿಗೆ ನೀರು ಬೆರೆಸಿದ ಹಾಗಲ್ಲ. ಮುಂಭಾಗ ಒಬ್ಬರದು, ಹಿಂಭಾಗ ಇನ್ನೊಬ್ಬರದು ಬಂದು ಕೂತರೆ ನಡಿಗೆಯೇ ಕೆಡುತ್ತೆ. ಕೊರತೆಗೆ ಮದ್ದು ಸರಿಯಾದ ಬೆನ್ನು. ಅತಿ ಗಿಡ್ಡ ಬೆನ್ನಲ್ಲ.

ಎರಡನೇ ಸಲ ಗಂಡು ಹುಡುಕುವಾಗ ಹುಮನಾಬಾದ್ ಕಡೆಯ ಒಬ್ಬ ಹಿರಿಯರ ಮನೆಗೆ ಹೋದೆ. ಕುದುರೆ ತೋರಿಸಿ ಅಂದೆ. ಅವರು ತೋರಿಸಲಿಲ್ಲ. "ಮೊದಲ ಮಕ್ಕಳನ್ನ ನೋಡ್ರಿ, ಆಮ್ಯಾಲ ಅಪ್ಪನ ಬಲ್ಲಿ ಹೋಗೋಣ" ಅಂದರು. ಊರಲ್ಲೇ ಅದರ ಮೂರು ಮರಿ ಇದ್ದವು. ಮೂರಕ್ಕೂ ತಾಯಿ ಬೇರೆ ಬೇರೆ. ಆದರೆ ಮೂರೂ ಹತ್ತಿರ ಬಂದು ಕೈ ಮೂಸಿದವು. ಮೂರಕ್ಕೂ ಕಾಲ ಮೂಳೆ ಚಪ್ಪಟೆ, ಗಟ್ಟಿ. ಬೇರೆ ಬೇರೆ ತಾಯಂದಿರ ಮರಿಗಳಲ್ಲಿ ಒಂದೇ ಗುಣ ಕಂಡರೆ ಅದು ಅಪ್ಪನಿಂದ ಬಂದಿರೋ ಸಾಧ್ಯತೆ ಜಾಸ್ತಿ. ಆಮೇಲೆ ಹಿತ್ತಲಿಗೆ ಕರೆದುಕೊಂಡು ಹೋದರು. 59 ಇಂಚಿನ ಕಂದು ಕುದುರೆ, ಅವರು ಕುಮ್ಮೈತ್ ಅನ್ನುತ್ತಿದ್ದರು. ಅವರ ಮೊಮ್ಮಗ, ಹನ್ನೆರಡು ವರ್ಷ ಇರಬಹುದು, ನೂಲಿನ ಹಗ್ಗ ಹಿಡಿದು ನೀರಿನ ತೊಟ್ಟಿಗೆ ಕರೆತರುತ್ತಿದ್ದ. ನನ್ನ ಹೆಣ್ಣು ಹೊರಗೆ ಗಾಡಿಯಲ್ಲಿತ್ತು. ವಾಸನೆ ಸಿಕ್ಕ ಕೂಡಲೇ ಗಂಡು ಕತ್ತು ಎತ್ತಿ, ಕಿವಿ ನಿಮಿರಿಸಿ ಜೋರಾಗಿ ಕೆನೆಯಿತು. ಹುಡುಗ ಹಗ್ಗ ಜಗ್ಗಲಿಲ್ಲ. "ಏ" ಅಂದ ಅಷ್ಟೇ. ಕುದುರೆ ಒಂದು ಸಲ ಕಾಲು ಕೆರೆದು, ತಲೆ ಇಳಿಸಿ ನೀರು ಕುಡಿಯಿತು. ಬಿಸಿ ಇರಲಿಲ್ಲ ಅಂತಲ್ಲ, ಬಿಸಿ ಇತ್ತು, ಮಾತೂ ಕೇಳುತ್ತಿತ್ತು. ನಾನು ಅವತ್ತೇ ಅದೇ ಗಂಡು ಅಂತ ಗಟ್ಟಿ ಮಾಡಿದೆ.

ಖುಷಿಗೆ ಸವಾರಿ ಮಾಡುವವರಿಗೆ ಸ್ವಭಾವವೇ ಮೊದಲು. ಆಮೇಲೆ ಕಾಲು ಮತ್ತು ಗೊರಸು. ಬಾಕಿ ಎಲ್ಲ ಆಮೇಲೆ. ನಾಲ್ಕೂ ಕಾಲು ಎತ್ತಿ ನೋಡಿ. ಲಾಳ ಇಲ್ಲದೆ ಎಷ್ಟು ನಡೆಯುತ್ತೆ ಕೇಳಿ. ನಿಮ್ಮ ಕಡೆ ಮಳೆಗಾಲದಲ್ಲಿ ಎರೆ ಮಣ್ಣು ಗೊರಸಿಗೆ ಕಚ್ಚಿಕೊಳ್ಳುತ್ತೆ, ಬೇಸಿಗೆಯಲ್ಲಿ ಅದೇ ನೆಲ ಬಿರಿದು ಕಲ್ಲಾಗುತ್ತೆ. ತೆಳ್ಳಗಿನ ಗೊರಸು ಎರಡಕ್ಕೂ ತಡೆಯೋದಿಲ್ಲ. ಬಾಯಿ ತೆರೆದು ನೋಡಿ: ಮೇಲಿನ ಮುಂಹಲ್ಲು ಕೆಳಗಿನದಕ್ಕಿಂತ ಮುಂದೆ ಚಾಚಿ ಗಿಣಿಮೂತಿ ಆಗಿದ್ದರೆ ಬಿಟ್ಟುಬಿಡಿ. ಎರಡೂ ಬೀಜ ಕೆಳಗೆ ಇಳಿದಿರಬೇಕು. ಇವು ಮರಿಗೂ ಬರಬಹುದಾದ ದೋಷ. ಅವಳಿಗೆ ಹತ್ತಿರದ ರಕ್ತಸಂಬಂಧ ಇದ್ದರೂ ಬೇಡ.

ನಿಮ್ಮ ಹೆಣ್ಣಿಗೆ ರೇವಾಲ್ ನಡೆ, ಅಂದರೆ ಕುಲುಕದ ಸಮ ನಡೆ ಇದೆ, ಕೂತರೆ ಲೋಟದ ನೀರೂ ಚೆಲ್ಲೋದಿಲ್ಲ ಅಂತ ಬರೆದಿದ್ದೀರಿ. ಅದನ್ನು ಉಳಿಸಿಕೊಳ್ಳಿ. ಗಂಡಿಗೂ ಆ ನಡೆ ಇರಲಿ. ಆದರೆ ಎಚ್ಚರ, ಕೆಲವರು ಕಾಲಿಗೆ ಹಗ್ಗ ಕಟ್ಟಿ ಆ ನಡೆ ಕಲಿಸಿರುತ್ತಾರೆ. ಕಲಿಸಿದ್ದು ಮರಿಗೆ ಬರೋದಿಲ್ಲ. ಅದರ ಮರಿಗಳನ್ನು ಬಯಲಲ್ಲಿ ಬಿಟ್ಟು ನೋಡಿ. ಅಮ್ಮನ ಹಿಂದೆ ಓಡುವಾಗ ತಾವಾಗಿ ಒಂದೇ ಪಕ್ಕದ ಎರಡು ಕಾಲು ಒಟ್ಟಿಗೆ ಹಾಕುತ್ತಿದ್ದರೆ ನಂಬಬಹುದು.

64 ಇಂಚಿನ ಗಂಡಿನಿಂದ ಹೆರಿಗೆ ಕಷ್ಟ ಆಗುತ್ತಾ ಅಂತ ಕೇಳಿದ್ದೀರಿ. ಅಷ್ಟು ಭಯ ಬೇಡ. ಮರಿ ಹುಟ್ಟುವಾಗಿನ ಗಾತ್ರವನ್ನು ಹೆಚ್ಚಾಗಿ ತಾಯಿಯ ಹೊಟ್ಟೆಯೇ ನಿರ್ಧರಿಸುತ್ತೆ. ಇಂಗ್ಲೆಂಡಿನ ಇಬ್ಬರು ವಿಜ್ಞಾನಿಗಳು ಭಾರೀ ಗಾತ್ರದ ಶೈರ್ ಕುದುರೆಗೂ ಪುಟ್ಟ ಶೆಟ್ಲೆಂಡ್ ಕುದುರೆಗೂ ಕ್ರಾಸ್ ಮಾಡಿ ಇದನ್ನು 1938ರಲ್ಲೇ ತೋರಿಸಿದ್ದಾರೆ. ಶೆಟ್ಲೆಂಡ್ ತಾಯಿಯ ಹೊಟ್ಟೆಯಲ್ಲಿ ಮರಿ ಸಣ್ಣದಾಗಿಯೇ ಹುಟ್ಟಿತು. ತೊಂದರೆ ಇರೋದು ಆಮೇಲೆ. ಬೆಳೆಯುತ್ತ ಕಾಲು ಉದ್ದ, ಎದೆ ಸಣ್ಣ, ಹೀಗೆ ಮೈ ಹೊಂದದೆ ಹೋಗಬಹುದು. 58ರಿಂದ 60 ಇಂಚಿನ ಗಂಡು ನಿಮಗೆ ಸಾಕು.

ಥರೋಬ್ರೆಡ್ ಚೆಂದದ ಪ್ರಾಣಿ, ನನಗೂ ಇಷ್ಟ. ಆದರೆ ತಲೆತಲಾಂತರದಿಂದ ವೇಗಕ್ಕೆ ಅಂತಲೇ ಆರಿಸಿ ಬೆಳೆಸಿದ ರಕ್ತ ಅದು. ರೇವಾಲ್ ನಡೆ ಅದರಲ್ಲಿಲ್ಲ. ಮೇವೂ ಜಾಸ್ತಿ, ಆರೈಕೆಯೂ ಜಾಸ್ತಿ ಬೇಕು. ನಿಮ್ಮ ಹೊಲದ ದಾರಿಗೆ ಅದು ಬೇಕಿಲ್ಲ.

ಒಳ್ಳೇ ಕುದುರೆ ದೂರದಿಂದಲೇ ಬರಬೇಕು ಅನ್ನೋ ನಂಬಿಕೆ ನಮ್ಮಲ್ಲಿ ಹಳೇದು. 15ನೇ ಶತಮಾನದಲ್ಲಿ ರಷ್ಯಾದ ಅಫನಾಸಿ ನಿಕಿತಿನ್ ಸಮುದ್ರ ದಾಟಿ ಒಂದು ಗಂಡು ಕುದುರೆ ತಂದು ಬೀದರಿನಲ್ಲಿ ಮಾರಿದ. ಆಳಂದದ ಉರುಸಿನ ಸಂತೆಗೆ 20,000 ಕುದುರೆ ಮಾರಾಟಕ್ಕೆ ಬರುತ್ತವೆ ಅಂತ ಅವನು ಬರೆದಿಟ್ಟಿದ್ದಾನೆ. ಆಳಂದ ನಿಮಗೆ ಎಷ್ಟು ಹತ್ತಿರ ನೋಡಿ. ಹೊರಗಿನಿಂದ ಬಂದ ಕುದುರೆಗಳ ಜೊತೆಗೆ ಈ ನೆಲದ್ದೇ ಗಟ್ಟಿ ಕುದುರೆಗಳೂ ಇದ್ದವು. ಭೀಮೆಯ ದಡದ ಹೆಸರನ್ನೇ ಹೊತ್ತ ಭೀಮಥಡಿ ಈಗ ಕರ್ನಾಲ್‌ನ ರಾಷ್ಟ್ರೀಯ ಸಂಸ್ಥೆ ನೋಂದಾಯಿಸಿದ ತಳಿಗಳ ಸಾಲಿನಲ್ಲಿದೆ. ನೋಡೋಕೆ ಸಣ್ಣದು, ಬಡ ಮೇವಿನಲ್ಲೂ ದುಡಿಯುತ್ತೆ, ದಾರಿಯಲ್ಲಿ ಎಡವೋದು ಕಡಿಮೆ. ಒಳ್ಳೇ ಕಾಠಿಯಾವಾಡಿ ಅಥವಾ ರಾಜಸ್ಥಾನದ ಮಾರವಾಡಿ ಗಂಡು ಸಿಗದಿದ್ದರೆ ಸೊಲ್ಲಾಪುರ ಕಡೆ ಭೀಮಥಡಿ ಗಂಡನ್ನೂ ನೋಡಿ ಅಂತ ನನ್ನ ಸಲಹೆ.

ಮೈಮೇಲಿನ ಕೂದಲ ಸುಳಿ, ಪಂಚಕಲ್ಯಾಣಿ (ನಾಲ್ಕೂ ಕಾಲು, ಮುಖ ಬಿಳಿ ಇರೋದು), ದೇವಮಣಿ (ಕತ್ತಿನ ಶುಭ ಸುಳಿ) ಬಗ್ಗೆ ಹಿರಿಯರು ಹೇಳುತ್ತಾರೆ. ನಮ್ಮ ಮೈಲಾರ ಮಲ್ಲಣ್ಣನೇ ಕುದುರೆ ಏರುವ ದೇವರು, ಆ ನಂಬಿಕೆಯನ್ನು ನಾನು ಹಗುರವಾಗಿ ನೋಡೋದಿಲ್ಲ. ಮಾರಾಟಕ್ಕೆ ಮರಿ ಮಾಡುವವರಿಗೆ ಅದರಿಂದ ಬೆಲೆಯೂ ಬರುತ್ತೆ. ಆದರೆ ಸುಳಿ ಚೆನ್ನಾಗಿದ್ದು ಕಾಲು ಸೊಟ್ಟ ಇದ್ದರೆ ನೀವು ಸವಾರಿ ಮಾಡಬೇಕಾಗಿರೋದು ಕಾಲಿನ ಮೇಲೆ.

ರಕ್ತ ಪರೀಕ್ಷೆ ಇಲ್ಲದೆ ಯಾವ ಗಂಡಿನ ಹತ್ತಿರಕ್ಕೂ ಕರೆದೊಯ್ಯಬೇಡಿ. ಗ್ಲ್ಯಾಂಡರ್ಸ್ ಅನ್ನೋ ರೋಗ ಮನುಷ್ಯರಿಗೂ ಹರಡುತ್ತೆ. ಕುದುರೆಗೆ ಅದು ಖಚಿತವಾದರೆ ಸರ್ಕಾರದ ನಿಯಮದಂತೆ ದಯಾಮರಣ ಕೊಡಬೇಕಾಗುತ್ತೆ. ಕುದುರೆಯ ಸಾಂಕ್ರಾಮಿಕ ರಕ್ತಹೀನತೆ, ಸರ್ರಾ (ನೊಣ ಕಚ್ಚಿ ಹರಡುವ ರಕ್ತದ ರೋಗ) ಇವಕ್ಕೂ ಪರೀಕ್ಷೆ ಮಾಡಿಸಿ. ನಿಮ್ಮ ಹೆಣ್ಣಿಗೂ ಅದೇ ನ್ಯಾಯ. ಅವಳು ಮೊದಲ ಸಲ ಗಬ್ಬ ಕಟ್ಟಬೇಕಾದ್ದರಿಂದ ಗರ್ಭಕೋಶ ಆರೋಗ್ಯವಾಗಿದೆಯಾ ಅಂತ ಪಶುವೈದ್ಯರಿಂದ ನೋಡಿಸಿ. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ, ಸ್ಥಳೀಯವಾಗಿ ಸಾಧ್ಯ ಆಗದಿದ್ದರೆ ಅಲ್ಲಿ ವಿಚಾರಿಸಿ. 9 ವರ್ಷ ತಡ ಆಗಿಲ್ಲ. ಆದರೆ ಇನ್ನೂ ನಾಲ್ಕೈದು ವರ್ಷ ಮುಂದೂಡಿದರೆ ಗಬ್ಬ ನಿಲ್ಲೋದು ಕಷ್ಟ ಆಗುತ್ತ ಹೋಗುತ್ತೆ.

ಬೆದೆ ಸುಮಾರು 21 ದಿನಕ್ಕೊಮ್ಮೆ ಬರುತ್ತೆ, 5ರಿಂದ 7 ದಿನ ಇರುತ್ತೆ. ಮೊಟ್ಟೆ ಬಿಡುಗಡೆ ಆಗೋದು ಬೆದೆ ಮುಗಿಯುವ ಒಂದೆರಡು ದಿನ ಮುಂಚೆ. ಅದಕ್ಕೇ ಮೊದಲ ದಿನವೇ ಅವಸರ ಬೇಡ. ಮೂರನೇ ದಿನದಿಂದ ದಿನ ಬಿಟ್ಟು ದಿನ ಕ್ರಾಸ್ ಮಾಡಿಸುವುದು ರೂಢಿ. ಗಂಡಿನ ಮನೆಯಲ್ಲಿ ಹತ್ತು ಹದಿನೈದು ದಿನ ಬಿಟ್ಟರೆ ಒಳ್ಳೇದು. ಗಬ್ಬ ನಿಲ್ಲದಿದ್ದರೆ ಮುಂದಿನ ಬೆದೆಗೆ ದುಡ್ಡಿಲ್ಲದೆ ಮತ್ತೆ ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಮೊಟ್ಟೆ ಬಿಡುಗಡೆ ಆದ 14ರಿಂದ 16ನೇ ದಿನಕ್ಕೆ ಸ್ಕ್ಯಾನ್ ತಪ್ಪಿಸಬೇಡಿ. ಅವಳಿ ಇದ್ದರೆ ಆಗಲೇ ಗೊತ್ತಾಗಬೇಕು. ಕುದುರೆಗೆ ಅವಳಿ ಗಂಡಾಂತರ, ಬಹಳಷ್ಟು ಸಲ ಎರಡೂ ಉಳಿಯೋದಿಲ್ಲ.

ಗಬ್ಬದ ಅವಧಿ ಸುಮಾರು 11 ತಿಂಗಳು. ದೀಪಾವಳಿ ಆಸುಪಾಸು ಕ್ರಾಸ್ ಆದರೆ ಮುಂದಿನ ವರ್ಷ ಮಳೆ ಮುಗಿದು ಹಸಿರು ಇರುವಾಗ ಮರಿ ಬರುತ್ತೆ. ಮೇ ತಿಂಗಳ ಬಿಸಿಲಿನಲ್ಲಿ ಗಂಡಿನ ಹತ್ತಿರ ಹೋಗಬೇಡಿ. ವೀರ್ಯ ತಯಾರಾಗೋಕೆ ಗಂಡಿಗೆ ಎರಡು ತಿಂಗಳ ಹತ್ತಿರ ಬೇಕು. ಕಡು ಬಿಸಿಲಿಗೋ ಜ್ವರಕ್ಕೋ ಸಿಕ್ಕರೆ ಆ ಪೆಟ್ಟು ಅಷ್ಟು ದಿನ ಕಾಡುತ್ತೆ.

ಇನ್ನೊಂದು ಮಾತು, ಇದು ನಮ್ಮ ಜೋಳದ ಸೀಮೆಯವರಿಗೆ ತುಂಬಾ ಮುಖ್ಯ. ಗಬ್ಬದ ಕುದುರೆಯನ್ನು ಹಸಿ ಜೋಳದ ಹೊಲಕ್ಕೆ ಬಿಡಬೇಡಿ. ಎಮ್ಮೆ ಆಕಳು ತಿನ್ನುತ್ತವಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಹಸಿ ಜೋಳ ಮೇಯ್ದ ಕುದುರೆಗೆ ಮೂತ್ರಕೋಶದ ಬೇನೆ, ಹಿಂಗಾಲು ತೂರಾಡುವುದು ಬರುತ್ತೆ. ಗಬ್ಬದ್ದಾದರೆ ಕಂದು ಹಾಕಬಹುದು, ಇಲ್ಲವೇ ಕೀಲು ಬಿಗಿದ ಮರಿ ಹುಟ್ಟಬಹುದು. ಕುದುರೆ ಮಸಾಲೆ (ಲೂಸರ್ನ್) ಸೊಪ್ಪು, ಒಣ ಹುಲ್ಲು ಕೊಡಿ. ಕೊನೆಯ ಮೂರು ತಿಂಗಳು ಮರಿ ಬೇಗ ಬೆಳೆಯೋದರಿಂದ ಕಾಳು ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಸವಾರಿ ಆರನೇ ತಿಂಗಳ ತನಕ ನಿಧಾನವಾಗಿ ಮಾಡಬಹುದು, ಆಮೇಲೆ ಬರೀ ನಡಿಗೆ.

ನಿಮ್ಮ ಲಾಯದ ಫೋಟೋದಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು ಕಾಣುತ್ತಿದೆ. ನಮ್ಮಲ್ಲೂ ಅದೇ ಇತ್ತು. ಹುಟ್ಟಿದ ಮರಿ ಸುಮಾರು ಒಂದು ಗಂಟೆಯಲ್ಲಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಗಿಣ್ಣದ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ನಮ್ಮ ಎರಡನೇ ಮರಿ ಒದ್ದೆ ಕಲ್ಲಿನ ಮೇಲೆ ನಾಲ್ಕು ಸಲ ಎದ್ದು ನಾಲ್ಕು ಸಲವೂ ಕಾಲು ಜಾರಿ ಬಿತ್ತು. ಐದನೇ ಸಲಕ್ಕೆ ನಾನೂ ಹೆಂಡತಿಯೂ ಗೋಣಿಚೀಲ ಹಾಸಿ, ಅದರ ಮೇಲೆ ಹುಲ್ಲು ಸುರಿದು, ಎರಡೂ ಕಡೆ ಹಿಡಿದುಕೊಂಡೆವು. ಆಗ ನಿಂತಿತು. ಮೂರನೇ ಮರಿಗೆ ಮುಂಚೆ ಒಂದು ಮೂಲೆಯ ಕಲ್ಲು ಕೀಳಿಸಿ ಮೊರಂ ಹಾಕಿಸಿ ಗಟ್ಟಿ ಮಾಡಿಸಿದೆ. ನೀವೂ ಈಗಿನಿಂದಲೇ ಹನ್ನೆರಡು ಅಡಿಗೆ ಹನ್ನೆರಡು ಅಡಿ ಜಾಗ ಹಾಗೆ ಮಾಡಿಸಿಡಿ. ಅವಳನ್ನು ಪಕ್ಕದಿಂದ ಮತ್ತು ಹಿಂದಿನಿಂದ ತೆಗೆದ ಎರಡು ಫೋಟೋ ಇಲ್ಲೇ ಹಾಕಿದರೆ ಕಾಲಿನ ಬಗ್ಗೆ ನನಗೆ ಕಂಡದ್ದು ಹೇಳುತ್ತೇನೆ.