ಪಾಸ್‌ವರ್ಡ್ ಬದಲಾಯಿಸಿದರೆ ಗೂಗಲ್‌ನಲ್ಲಿರೋ ಫೋಟೋಗಳು ಹೋಗಿಬಿಡುತ್ತವಾ?

ಇಲ್ಲ, ಒಂದೂ ಹೋಗಲ್ಲ. ಫೋಟೋಗಳಿರುವುದು ಗೂಗಲ್‌ನ ಸರ್ವರ್‌ನಲ್ಲಿ, ನಿಮ್ಮ ಖಾತೆಯ ಲೆಕ್ಕದಲ್ಲಿ. ಪಾಸ್‌ವರ್ಡ್ ಬರೀ ಬೀಗದ ಕೈ. ಬೀಗ ಬದಲಿಸಿದರೆ ಅಟ್ಟದ ಮೇಲಿನ ಅಡಿಕೆ ಮೂಟೆ ಕರಗುತ್ತದೆಯೇ?

ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಗೂಗಲ್, ಖಾತೆ ನಿರ್ವಹಣೆ, ಭದ್ರತೆ, ಪಾಸ್‌ವರ್ಡ್. ಅಷ್ಟೇ ದಾರಿ.

ಆಗುವುದು ಬೇರೆ: ಇದೇ ಖಾತೆ ತೆರೆದಿಟ್ಟ ಉಳಿದ ಫೋನು, ಲ್ಯಾಪ್‌ಟಾಪ್‌ಗಳು ಬಹುಪಾಲು ಲಾಗೌಟ್ ಆಗುತ್ತವೆ. ಮೊದಲ ಸಲ ಲಾಗಿನ್ ಆದಾಗ ಗೂಗಲ್ ಆ ಸಾಧನಕ್ಕೆ ಒಂದು ಟೋಕನ್ ಕೊಡುತ್ತದೆ, ಬಸ್ ಪಾಸ್ ಇದ್ದ ಹಾಗೆ. ದಿನಾ ಪಾಸ್‌ವರ್ಡ್ ಕೇಳದಿರುವುದು ಅದಕ್ಕೇ. ಪಾಸ್‌ವರ್ಡ್ ಬದಲಾದರೆ ಹಳೇ ಪಾಸ್‌ಗಳು ರದ್ದು. ಶಿವಮೊಗ್ಗದ ಹಾಸ್ಟೆಲಿನಲ್ಲಿರೋ ಮಗಳ ಲ್ಯಾಪ್‌ಟಾಪ್‌ನಲ್ಲೂ ಖಾತೆ ಇದ್ದರೆ ಮೊದಲೇ ಹೇಳಿಡಿ.

ನಮ್ಮ ಹೊಸನಗರದ ಕಡೆ ಇನ್ನೊಂದು ತಾಪತ್ರಯ. ಜುಲೈ ಮಳೆಗೆ ಕರೆಂಟೂ ಇಲ್ಲ, ಟವರೂ ಇಲ್ಲ. ಛತ್ರಿ ಹಿಡಿದು ಗುಡ್ಡ ಹತ್ತಿ ಓಟಿಪಿ ಪಡೆದು ಇಳಿಯುವಷ್ಟರಲ್ಲಿ ನನ್ನದು ಅವಧಿ ಮುಗಿದಿತ್ತು. ಎರಡು ಹಂತದ ಪರಿಶೀಲನೆ (ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆ ಓಟಿಪಿಯಂಥ ಇನ್ನೊಂದು ಗುರುತನ್ನೂ ಕೇಳುವುದು) ಹಾಕಿಕೊಂಡಿದ್ದರೆ ಅದೇ ಭದ್ರತೆ ಪುಟದಲ್ಲಿ, ಓಟಿಪಿ ಬದಲು ಹಾಕಲು 8 ಅಂಕಿಯ 10 ಬ್ಯಾಕಪ್ ಕೋಡ್ ಸಿಗುತ್ತವೆ. ಒಂದೊಂದೂ ಒಂದೇ ಸಲಕ್ಕೆ. ಬರೆದು ಪಡಿತರ ಚೀಟಿ ಜೊತೆ ಇಟ್ಟುಕೊಳ್ಳಿ. ಮನೆಯ ವೈಫೈ ಇದ್ದರೆ ಸಾಕು, ಎಸ್ಸೆಮ್ಮೆಸ್ ಬೇಕಿಲ್ಲ.