ಸಂಬಂಧದಲ್ಲೇ ಮದುವೆ, ಈಗ ಐವಿಎಫ್: ಭ್ರೂಣಕ್ಕೆ ಜೆನೆಟಿಕ್ ಟೆಸ್ಟ್ ಮಾಡಿಸಬೇಕಾ?

ನಿಮಗೆ 29 ವರ್ಷ, ಊರು ಗದಗ, ಸೋದರಮಾವನ ಮಗನನ್ನೇ ಮದುವೆಯಾಗಿದ್ದೀರಿ, ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಐವಿಎಫ್ ಶುರು. ಸಂಬಂಧದಲ್ಲಿ ಮದುವೆ ಆಗಿರುವುದರಿಂದ ಎಲ್ಲ ಭ್ರೂಣಗಳಿಗೂ ಪಿಜಿಟಿ-ಎ ಅನ್ನುವ ಜೆನೆಟಿಕ್ ಟೆಸ್ಟ್ ಮಾಡಿಸಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಮಾಡಿಸಿದರೆ ಮಗು ಆರೋಗ್ಯವಾಗಿ ಹುಟ್ಟುವುದು ಖಾತ್ರಿಯಾ ಅಂತ ಕೇಳಿದ್ದೀರಿ.

ಖಾತ್ರಿ ಇಲ್ಲ. ನಿಮಗಿರುವ ಭಯಕ್ಕೂ ನಿಮಗೆ ಹೇಳಿರುವ ಟೆಸ್ಟಿಗೂ ಸಂಬಂಧವೇ ಇಲ್ಲ, ಅದನ್ನು ಮೊದಲು ತಿಳಿದುಕೊಳ್ಳಿ.

ಪಿಜಿಟಿ-ಎ ನೋಡುವುದು ಕ್ರೋಮೋಸೋಮುಗಳ ಲೆಕ್ಕ. 46 ಇರಬೇಕಾದ ಕಡೆ 47 ಇದೆಯಾ, 45 ಇದೆಯಾ ಅಂತ. ಡೌನ್ ಸಿಂಡ್ರೋಮ್ ಅಂದರೆ 21ನೇ ಕ್ರೋಮೋಸೋಮ್ ಎರಡರ ಬದಲು ಮೂರು ಇರುವುದು. ಈ ಲೆಕ್ಕ ಹೆಚ್ಚಾಗಿ ತಪ್ಪುವುದು ಅಂಡದಲ್ಲಿ, ಹೆಣ್ಣಿನ ವಯಸ್ಸು ಏರಿದಂತೆ. 30ರ ಆಸುಪಾಸಿನಲ್ಲಿ ಡೌನ್ ಸಿಂಡ್ರೋಮ್ ಸುಮಾರು 1000 ಹೆರಿಗೆಗೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ಗಂಡ ಮಾವನ ಮಗ ಅನ್ನುವ ಕಾರಣಕ್ಕೆ ಇದು ಜಾಸ್ತಿ ಆಗುವುದಿಲ್ಲ.

ಸಂಬಂಧದಲ್ಲಿ ಮದುವೆಯಾದರೆ ಜಾಸ್ತಿ ಆಗುವುದು ಬೇರೆಯೇ ಒಂದು ತೊಂದರೆ. ನಮ್ಮೆಲ್ಲರ ಮೈಯಲ್ಲೂ ಕೆಟ್ಟ ಜೀನ್‌ಗಳು ಕೆಲವು ಇದ್ದೇ ಇರುತ್ತವೆ, ಜೊತೆಗಿರುವ ಒಳ್ಳೆಯ ಜೀನ್ ಕೆಲಸ ಮಾಡುವುದರಿಂದ ನಮಗೆ ಏನೂ ಗೊತ್ತಾಗುವುದಿಲ್ಲ. ಅದೇ ಕೆಟ್ಟ ಜೀನ್ ಗಂಡನಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ರೋಗ ಬರುವ ಸಾಧ್ಯತೆ. ಅತ್ತೆ-ಮಾವನ ಮಕ್ಕಳು ಒಂದೇ ಅಜ್ಜ-ಅಜ್ಜಿಯಿಂದ ಬಂದವರು, ಅವರ ಜೀನ್‌ಗಳಲ್ಲಿ ಎಂಟನೇ ಒಂದು ಭಾಗ ಒಂದೇ. ಅಕ್ಕನ ಮಗಳನ್ನು ಮಾಡಿಕೊಂಡಿದ್ದರೆ ನಾಲ್ಕನೇ ಒಂದು ಭಾಗ. ರಕ್ತದ ರೋಗಗಳಾದ ಥಲಸ್ಸೀಮಿಯಾ, ಸಿಕಲ್ ಸೆಲ್, ಸ್ನಾಯು ಸೊರಗಿಸುವ ಎಸ್‌ಎಂಎ, ಹುಟ್ಟು ಕಿವುಡು ಇವೆಲ್ಲ ಈ ದಾರಿಯಲ್ಲಿ ಬರುತ್ತವೆ.

ಹಾಗಂತ ಹೆದರಬೇಡಿ. ಯಾವುದೇ ದಂಪತಿಗೆ ದೊಡ್ಡ ಹುಟ್ಟು ತೊಂದರೆಯ ಮಗು ಆಗುವ ಸಾಧ್ಯತೆ 100ಕ್ಕೆ 2-3 ಇದ್ದರೆ, ಅತ್ತೆ-ಮಾವನ ಮಕ್ಕಳಲ್ಲಿ ಅದರ ಎರಡರಷ್ಟು ಅಂತಾರೆ. ಅಂದರೆ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಹುಟ್ಟುತ್ತವೆ. ಆದರೆ ಥಲಸ್ಸೀಮಿಯಾ ಮೇಜರ್, ಅಂದರೆ ಆ ರೋಗದ ತೀವ್ರ ರೂಪ, ಇರುವ ಭ್ರೂಣಕ್ಕೂ ಪಿಜಿಟಿ-ಎ ರಿಪೋರ್ಟ್ ‘ನಾರ್ಮಲ್’ ಅಂತಲೇ ಬರಬಹುದು. ಯಾಕಂದರೆ ಅದರ 46 ಕ್ರೋಮೋಸೋಮೂ ಸರಿಯಾಗಿರುತ್ತವೆ, ತಪ್ಪು ಇರುವುದು ಒಂದು ಜೀನ್‌ನ ಒಳಗೆ. ಇಷ್ಟನ್ನು ನಿಮಗೆ ಯಾರೂ ಬಿಡಿಸಿ ಹೇಳಿಲ್ಲ ಅನ್ನುವುದೇ ನನಗೆ ಬೇಸರ.

ನಾನು ಧಾರವಾಡದವಳು, ನನ್ನ ಗಂಡ ಸೋದರತ್ತೆಯ ಮಗ. ದೊಡ್ಡ ಮಗನಿಗೆ ಥಲಸ್ಸೀಮಿಯಾ ಮೇಜರ್. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಚೆನ್ನಾಗಿದ್ದ, ಆಮೇಲೆ ಬಿಳಿಚಿಕೊಂಡ, ಹಾಲು ಬಿಟ್ಟ, ಹೊಟ್ಟೆ ಉಬ್ಬಿತು. ಈಗ ಮೂರು ವಾರಕ್ಕೊಮ್ಮೆ ರಕ್ತ, ಮೈಯಲ್ಲಿ ಸೇರುವ ಕಬ್ಬಿಣದ ಅಂಶ ಇಳಿಸಲು ದಿನವೂ ಔಷಧಿ. ರಕ್ತದ ದಿನ ಹತ್ತಿರ ಬಂದರೆ ಅವನಿಗೆ ಮೆಟ್ಟಿಲು ಹತ್ತುವುದಕ್ಕೂ ಸುಸ್ತು. ಹುಡುಗ ಜಾಣ, ಶಾಲೆ ಬಿಟ್ಟವನಲ್ಲ, ರಕ್ತ ಏರುವಾಗಲೇ ಹೋಂವರ್ಕ್ ಮುಗಿಸುತ್ತಾನೆ. ಅವನು ಹುಟ್ಟಬಾರದಿತ್ತು ಅಂತ ನಾನು ಒಂದು ದಿನವೂ ಅಂದುಕೊಂಡಿಲ್ಲ. ಇನ್ನೊಂದು ಮಗುವಿಗೆ ಆ ಸೂಜಿ ಬೇಡ ಅಂತ ಮಾತ್ರ ಅಂದುಕೊಂಡೆ.

ಎರಡನೆಯದಕ್ಕೆ ನಾವು ಮಾಡಿಸಿದ್ದು ಪಿಜಿಟಿ-ಎಂ. ಹೆಸರು ಒಂದೇ ತರಹ ಕೇಳಿಸುತ್ತದೆ, ಕೆಲಸ ಪೂರ್ತಿ ಬೇರೆ. ಇದು ಗೊತ್ತಿರುವ ಒಂದು ರೋಗವನ್ನು, ಗೊತ್ತಿರುವ ಒಂದು ಜೀನ್ ದೋಷವನ್ನು ಮಾತ್ರ ಹುಡುಕುತ್ತದೆ. ಏನು ಹುಡುಕಬೇಕು ಅಂತ ನಾವು ಮೊದಲೇ ಹೇಳಬೇಕು. ನನ್ನ, ಗಂಡನ, ಮಗನ ರಕ್ತ ತೆಗೆದು ನಮ್ಮ ಮನೆತನದಲ್ಲಿ ಆ ದೋಷ ಯಾವ ಕ್ರೋಮೋಸೋಮ್ ಹಿಡಿದು ಬಂದಿದೆ ಅಂತ ಲ್ಯಾಬಿನವರು ಮೊದಲು ಪತ್ತೆ ಹಚ್ಚಿದರು. ಅದಕ್ಕೇ ವಾರಗಟ್ಟಲೆ ಹಿಡಿಯಿತು. ಅದು ಮುಗಿದ ಮೇಲೇ ಅಂಡ ಬೆಳೆಸುವ ಇಂಜೆಕ್ಷನ್. ಐದನೇ ದಿನ ಭ್ರೂಣ ಬ್ಲಾಸ್ಟೋಸಿಸ್ಟ್ ಹಂತಕ್ಕೆ ಬಂದಾಗ, ಮುಂದೆ ಮಾಸು ಆಗುವ ಹೊರಪದರದಿಂದ ಐದರಿಂದ ಹತ್ತು ಜೀವಕೋಶ ತೆಗೆಯುತ್ತಾರೆ, ಮಗುವಾಗುವ ಒಳಭಾಗ ಮುಟ್ಟುವುದಿಲ್ಲ. ಲ್ಯಾಬಿಗೆ ಹೋಗುವುದು ಆ ಕೋಶಗಳಷ್ಟೇ. ಭ್ರೂಣಗಳು ಆಸ್ಪತ್ರೆಯಲ್ಲೇ ಮೈನಸ್ 196 ಡಿಗ್ರಿಯ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇರುತ್ತವೆ. ರಿಪೋರ್ಟ್ ಬಂದ ಮೇಲೆ ಇನ್ನೊಂದು ತಿಂಗಳಲ್ಲಿ ಗರ್ಭಕ್ಕೆ ಬಿಡುತ್ತಾರೆ.

ಮುಂದೆ ದೊಡ್ಡವನಿಗೆ ಅಸ್ಥಿಮಜ್ಜೆ ಕೊಡಲು ಹೊಂದುವ ಭ್ರೂಣವನ್ನೇ ಆರಿಸುವುದೂ ಸಾಧ್ಯ ಅಂತ ನಮಗೆ ಹೇಳಿದರು. ರೋಗ ಇಲ್ಲದಿರುವುದು ನಾಲ್ಕರಲ್ಲಿ ಮೂರು, ಎಚ್‌ಎಲ್‌ಎ (ಮಜ್ಜೆ ಒಗ್ಗುತ್ತದಾ ಅಂತ ಹೇಳುವ ಗುರುತು) ಹೊಂದುವುದು ನಾಲ್ಕರಲ್ಲಿ ಒಂದು, ಎರಡೂ ಸೇರಿದರೆ 16ರಲ್ಲಿ ಮೂರೇ ಪಾಲು. ನಮ್ಮ ಕೈಯಲ್ಲಿ ಇದ್ದದ್ದೇ ಬೆರಳೆಣಿಕೆಯ ಭ್ರೂಣಗಳು. ರಾತ್ರಿಯೆಲ್ಲ ಕೂತು ಮಾತಾಡಿದೆವು. ರೋಗ ಒಂದನ್ನೇ ನೋಡಿ ಸಾಕು ಅಂದೆವು. ಬೇರೆ ತಂದೆತಾಯಿ ಬೇರೆ ನಿರ್ಧಾರ ತೆಗೆದುಕೊಂಡರೆ ನಾನು ತಪ್ಪು ಅನ್ನುವುದಿಲ್ಲ.

ಮಗಳು ಹೊಟ್ಟೆಯಲ್ಲಿದ್ದಾಗ ಮಾಸಿನ ಪರೀಕ್ಷೆಯನ್ನೂ ಮಾಡಿಸಿದೆವು. ಅದಕ್ಕೆ ಸಿವಿಎಸ್ ಅಂತಾರೆ, 11ರಿಂದ 13 ವಾರದ ಒಳಗೆ ಮಾಡುತ್ತಾರೆ. ಪಿಜಿಟಿ ತಪ್ಪಾಗುವುದು ಅಪರೂಪ, ಆದರೂ ಕೆಲವೇ ಜೀವಕೋಶ ನೋಡಿ ಹೇಳಿದ ಮಾತು ಅದು, ಅಲ್ವಾ? ಐವಿಎಫ್ ಬೇಕಿಲ್ಲದ ಕ್ಯಾರಿಯರ್ (ತಮಗೆ ರೋಗ ಇಲ್ಲದೆ ಕೆಟ್ಟ ಜೀನ್ ಮಾತ್ರ ಇರುವ) ದಂಪತಿಗಳು ಸಹಜವಾಗಿ ಬಸಿರಾಗಿ ನೇರವಾಗಿ ಸಿವಿಎಸ್ ಮಾಡಿಸಬಹುದು, ಖರ್ಚು ಎಷ್ಟೋ ಕಡಿಮೆ. ರೋಗ ಇದೆ ಅಂತ ಬಂದರೆ ಆ ಬಸಿರು ಮುಂದುವರಿಸಬೇಕಾ ಬೇಡವಾ ಅನ್ನುವುದನ್ನು ಹೊಟ್ಟೆಯಲ್ಲಿ ಮಗು ಇಟ್ಟುಕೊಂಡೇ ತೀರ್ಮಾನಿಸಬೇಕು. ನನಗೆ ಅದು ಆಗುತ್ತಿರಲಿಲ್ಲ, ಅದಕ್ಕೇ ಈ ದಾರಿ ಹಿಡಿದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಇಂಜೆಕ್ಷನ್ ಶುರುವಾಗುವ ಮೊದಲು ಗಂಡ ಹೆಂಡತಿ ಇಬ್ಬರೂ ಹಿಮೋಗ್ಲೋಬಿನ್‌ನ ಬಗೆಗಳನ್ನು ಬಿಡಿಸಿ ತೋರಿಸುವ ಎಚ್‌ಬಿ ಎಚ್‌ಪಿಎಲ್‌ಸಿ ರಕ್ತ ಪರೀಕ್ಷೆ ಮಾಡಿಸಿ. ಅದರಲ್ಲಿ ಎಚ್‌ಬಿಎ2 ಅನ್ನುವ ಸಾಲು ನೋಡಿ, ನೂರಕ್ಕೆ 3.5ಕ್ಕಿಂತ ಜಾಸ್ತಿ ಇದ್ದರೆ ಬೀಟಾ ಥಲಸ್ಸೀಮಿಯಾ ಕ್ಯಾರಿಯರ್ ಇರಬಹುದು. ಐವಿಎಫ್ ಖರ್ಚಿನ ಮುಂದೆ ಈ ಟೆಸ್ಟಿನ ದುಡ್ಡು ಏನೇನೂ ಅಲ್ಲ. ಬರೀ ಹಿಮೋಗ್ಲೋಬಿನ್ ನೋಡಿದರೆ ಸಾಲದು, ಕ್ಯಾರಿಯರ್‌ಗಳಿಗೆ ಸ್ವಲ್ಪ ರಕ್ತ ಕಡಿಮೆ ಇರುತ್ತದೆ ಅಷ್ಟೇ, ಅದು ಕಬ್ಬಿಣದ ಕೊರತೆಯ ಹಾಗೆಯೇ ಕಾಣುತ್ತದೆ. ಆಮೇಲೆ ಎರಡೂ ಮನೆಯ ಹಿರಿಯರನ್ನು ಕೂರಿಸಿ ಕೇಳಿ: ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು, ನಡೆಯಲು ಬಾರದವರು, ಕಿವಿ ಕೇಳದವರು, ಪದೇ ಪದೇ ಗರ್ಭ ಇಳಿದವರು ಯಾರಾದರೂ ಇದ್ದಾರಾ ಅಂತ. ನಮ್ಮ ಮನೆಗಳಲ್ಲಿ ಇಂಥದ್ದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಜ್ಜಿಯರನ್ನು ಮೆಲ್ಲಗೆ ಕೇಳಿದರೆ ಹೇಳುತ್ತಾರೆ. ಆ ಪಟ್ಟಿ ಹಿಡಿದು ಜೆನೆಟಿಕ್ಸ್ ಗೊತ್ತಿರುವ ಡಾಕ್ಟರ್ ಹತ್ತಿರ ಹೋಗಿ. ಇಬ್ಬರಿಗೂ ದೊಡ್ಡ ಕ್ಯಾರಿಯರ್ ಟೆಸ್ಟ್ ಬೇಕಾ ಅಂತ ಅವರು ಹೇಳುತ್ತಾರೆ. ಇಬ್ಬರಲ್ಲೂ ಒಂದೇ ದೋಷ ಸಿಕ್ಕರೆ ಪಿಜಿಟಿ-ಎಂ ಮಾಡಿಸಿ, ಅದಕ್ಕಾಗಿ ಐವಿಎಫ್ ಎರಡು ಮೂರು ತಿಂಗಳು ತಡವಾದರೂ ಪರವಾಗಿಲ್ಲ.

ಏನೂ ಸಿಗದಿದ್ದರೆ? 29ಕ್ಕೆ ಪಿಜಿಟಿ-ಎ ನಾನಾಗಿದ್ದರೆ ಮಾಡಿಸುತ್ತಿರಲಿಲ್ಲ. ಚೀನಾದಲ್ಲಿ 20ರಿಂದ 37 ವಯಸ್ಸಿನ 1212 ಹೆಂಗಸರ ಮೇಲೆ ಒಂದು ದೊಡ್ಡ ಅಧ್ಯಯನ ಆಯಿತು, 2021ರಲ್ಲಿ ಪ್ರಕಟವಾಯಿತು. ಒಳ್ಳೆಯ ಭ್ರೂಣ ಮೂರಾದರೂ ಇದ್ದವರನ್ನೇ ತೆಗೆದುಕೊಂಡಿದ್ದರು. ಟೆಸ್ಟ್ ಮಾಡಿಸಿದವರಲ್ಲಿ ಮಗು ಆದದ್ದು ನೂರಕ್ಕೆ 77.2, ಮಾಡಿಸದೆ ಒಂದೊಂದೇ ಭ್ರೂಣ ಗರ್ಭಕ್ಕೆ ಬಿಡಿಸಿಕೊಂಡವರಲ್ಲಿ 81.8. ಟೆಸ್ಟ್ ಅನ್ನುವುದು ನಮ್ಮ ಕೈಯಲ್ಲಿರುವ ಭ್ರೂಣಗಳಲ್ಲೇ ಆರಿಸುತ್ತದೆ, ಭ್ರೂಣವನ್ನು ಒಳ್ಳೆಯದು ಮಾಡುವುದಿಲ್ಲ, ಜೊತೆಗೆ ಸರಿ ಕೋಶ, ತಪ್ಪು ಕೋಶ ಎರಡೂ ಬೆರೆತ ‘ಮೊಸಾಯಿಕ್’ ರಿಪೋರ್ಟ್ ಬಂದು ಮಗುವಾಗಬಹುದಾದ ಭ್ರೂಣವೂ ಪಕ್ಕಕ್ಕೆ ಸರಿಯಬಹುದು. ವಯಸ್ಸು 38 ದಾಟಿದವರು, ಮೇಲಿಂದ ಮೇಲೆ ಗರ್ಭ ಇಳಿದವರು ಯೋಚಿಸಲಿ, ಅವರ ಲೆಕ್ಕ ಬೇರೆ. ಒಂದೊಂದು ಭ್ರೂಣಕ್ಕೂ ದುಡ್ಡು ಹಾಕುತ್ತಾರೆ, ನಮ್ಮಂಥವರು ಅದಕ್ಕೆ ಬಂಗಾರ ಅಡ ಇಡುತ್ತೇವೆ. ಆ ದುಡ್ಡು ಇನ್ನೊಂದು ಸಲ ಭ್ರೂಣವನ್ನು ಗರ್ಭಕ್ಕೆ ಬಿಡಿಸಲು ಬೇಕಾದೀತು.

ಮನೆಯವರು ಕೇಳಿಯೇ ಕೇಳುತ್ತಾರೆ, ಗಂಡೋ ಹೆಣ್ಣೋ ಗೊತ್ತಾಗುತ್ತದಲ್ಲ ಅಂತ. ನಮ್ಮನೆಯಲ್ಲೂ ಕೇಳಿದರು. ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಗೆ 2003ರಲ್ಲಿ ತಿದ್ದುಪಡಿ ಆಗಿ ಬಸಿರಿಗೆ ಮೊದಲೇ ಲಿಂಗ ಆರಿಸುವುದೂ ಅಪರಾಧವಾಗಿದೆ, ಐವಿಎಫ್‌ನಂಥ ಚಿಕಿತ್ಸೆಗಳಿಗಾಗಿ ಬಂದ 2021ರ ಎಆರ್‌ಟಿ ಕಾಯ್ದೆಯೂ ಅದನ್ನೇ ಹೇಳುತ್ತದೆ. ಯಾರಾದರೂ ‘ಗುಟ್ಟಾಗಿ ಹೇಳುತ್ತೇವೆ’ ಅಂದರೆ ಆ ಆಸ್ಪತ್ರೆಯ ಮೆಟ್ಟಿಲು ಇಳಿದು ಬನ್ನಿ.

ಮುಂದಿನ ಸಲ ಹೋದಾಗ ಡಾಕ್ಟರಿಗೆ ನೇರವಾಗಿ ಕೇಳಿ: ಈ ಟೆಸ್ಟ್ ನಮಗೆ ಯಾವ ರೋಗ ಹುಡುಕುತ್ತದೆ, ನಮ್ಮ ಸಂಬಂಧದ ಮದುವೆಗೂ ಅದಕ್ಕೂ ಏನು ನಂಟು, ಎರಡೇ ಭ್ರೂಣ ಬಂದರೂ ಬಯಾಪ್ಸಿ ಮಾಡಿ ಕೋಶ ತೆಗೆಯುತ್ತೀರಾ. ಗಂಡನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಉತ್ತರ ಬರೆದುಕೊಳ್ಳಿ. ಟೆಸ್ಟ್ ಮಾಡಿಸಿದರೂ ಬಿಟ್ಟರೂ ಮಗುವಿನ ಕತ್ತಿನ ಹಿಂಭಾಗ ಅಳೆಯುವ 11-13 ವಾರದ ಎನ್‌ಟಿ ಸ್ಕ್ಯಾನ್, ಅಂಗಾಂಗ ನೋಡುವ 18-20 ವಾರದ ಅನಾಮಲಿ ಸ್ಕ್ಯಾನ್ ಮಾತ್ರ ತಪ್ಪಿಸಬೇಡಿ.