ಮೈನಸ್ 40 ಡಿಗ್ರಿ ಸೆಲ್ಸಿಯಸ್ ಪೈಪ್‌ಲೈನಿಗೆ ಕಳಿಸಿದ ಡಬ್ಲ್ಯೂಸಿಬಿ (ಎರಕದ ಕಾರ್ಬನ್ ಉಕ್ಕಿನ ಒಂದು ಗ್ರೇಡ್) ವಾಲ್ವ್ ಬಾಡಿ ವಾಪಸ್ ಬಂದಿದೆ, ಏನು ಮಾಡಲಿ?

ಕಾರಣ ಬಹುಶಃ ಗ್ರೇಡ್, ಮಾಚೇನಹಳ್ಳಿಯ ನಿಮ್ಮ ಫೌಂಡ್ರಿಯ ಎರಕದ ದೋಷ ಅಲ್ಲ. ಡಬ್ಲ್ಯೂಸಿಬಿ ಮೈನಸ್ 29 ಡಿಗ್ರಿವರೆಗೆ ಮಾತ್ರ. ಅದಕ್ಕಿಂತ ತಣ್ಣಗಾದರೆ ಉಕ್ಕು ಬಾಗದೆ, ಗಾಜಿನ ಹಾಗೆ ಪಟ್ಟನೆ ಒಡೆಯಬಹುದು.

ಮೊದಲು ಆರ್ಡರ್‌ನಲ್ಲಿ ಕನಿಷ್ಠ ಡಿಸೈನ್ ಉಷ್ಣಾಂಶ ನೋಡಿ. ಅದು ಮೈನಸ್ 46ಕ್ಕಿಂತ ಕೆಳಗೆ ಹೋಗದಿದ್ದರೆ ಎಎಸ್‌ಟಿಎಂ ಎ352 ಸ್ಟ್ಯಾಂಡರ್ಡ್‌ನ ಎಲ್‌ಸಿಸಿ, ಅಂದರೆ ಕಡಿಮೆ ಉಷ್ಣಾಂಶದ ಎರಕದ ಉಕ್ಕಿನ ಗ್ರೇಡ್, ಸಾಕು. ಎರಕ ಹೊಯ್ಯುವಾಗ ಅದೇ ಹೀಟ್‌ನಿಂದ (ಒಂದೇ ಬಾರಿ ಕರಗಿಸಿದ ಲೋಹದಿಂದ) ಟೆಸ್ಟ್ ಬಾರ್ ತೆಗೆದು, ಬಾಡಿಗಳ ಜೊತೆಗೇ ಹೀಟ್ ಟ್ರೀಟ್‌ಮೆಂಟ್‌ಗೆ ಹಾಕಿ. ಎಷ್ಟೋ ಜನ ತಪ್ಪುವುದು ಇಲ್ಲೇ. ಚಾರ್ಪಿ ಟೆಸ್ಟ್ (ಹೊಡೆತ ತಡೆಯುವ ಶಕ್ತಿಯ ಪರೀಕ್ಷೆ) ಮೈನಸ್ 46ರಲ್ಲೇ ಆಗಬೇಕು: ಮೂರು ತುಂಡುಗಳ ಸರಾಸರಿ 20 ಜೌಲ್, ಯಾವುದೂ 16ಕ್ಕಿಂತ ಕೆಳಗೆ ಬೇಡ.

ಲೋಹದ ಟೆಸ್ಟ್ ಸರ್ಟಿಫಿಕೇಟ್ 3.1 ಬಗೆಯದು ಬೇಕೋ 3.2 ಬೇಕೋ, ಅದನ್ನು ಗ್ರಾಹಕರೇ ಹೇಳಬೇಕು. 3.2 ಆದರೆ ಹೊರಗಿನ ಇನ್‌ಸ್ಪೆಕ್ಟರ್ ಸಹಿಯೂ ಬೇಕು. ಹಾಗಾಗಿ ಎರಕಕ್ಕೆ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ವಾಪಸ್ ಬಂದ ಬಾಡಿಗಳ ಮೇಲೆ ದಯವಿಟ್ಟು ಎಲ್‌ಸಿಸಿ ಗುರುತು ಹೊಡೆಯಬೇಡಿ, ಅವನ್ನು ಮೈನಸ್ 29ಕ್ಕಿಂತ ತಣ್ಣಗಾಗದ ಬೇರೆ ಲೈನಿಗೆ ಮಾರಿ.